ಕಂಪ್ಲಿಯಿಂದ ತಂದ ಹಳೇ ಫೈಬರ್ ದೋಣಿ: ಬಡಿದು, ತೂಗಿ, ಕೊರೆದು ನೋಡಿದ್ದು

ನಮ್ಮ ಸೋದರಮಾವ ಮುನಿರಾಬಾದ್ ಹತ್ತಿರ ತುಂಗಭದ್ರಾ ಹಿನ್ನೀರಿನಲ್ಲಿ ಮೂವತ್ತು ವರ್ಷದಿಂದ ಮೀನು ಹಿಡಿಯುತ್ತಿದ್ದಾರೆ. ಅಷ್ಟೂ ವರ್ಷ ಹರಿಗೋಲಿನಲ್ಲೇ. ಈಚೆಗೆ ಮೊಣಕಾಲು ನೋವು ಜಾಸ್ತಿಯಾಗಿದೆ. ಕುಕ್ಕರುಗಾಲಲ್ಲಿ ಕೂತು ಹುಟ್ಟು ಹಾಕಲು ಆಗುವುದಿಲ್ಲ. ಸಂಕ್ರಾಂತಿ ಮುಗಿದ ವಾರ ಫೋನ್ ಮಾಡಿ, "ಅಳಿಯಾ, ಒಂದು ಫೈಬರ್ ದೋಣಿ ನೋಡಪ್ಪ. ಹಳೇದಾದ್ರೂ ನಡೀತೈತಿ, ಗಟ್ಟಿ ಇರ್ಲಿ" ಅಂದರು.

ನಾನು ಗಂಗಾವತಿಯಲ್ಲಿ ಫೈಬರ್ ಕೆಲಸ ಮಾಡುವವನು. ಕೂಲರ್ ಬಾಡಿ, ನೀರಿನ ಟ್ಯಾಂಕು, ಬಚ್ಚಲು ಮನೆಯ ಬಾಗಿಲು ಇಂಥವು. ಮ್ಯಾಟು ಅಂದರೆ ಗಾಜಿನ ನಾರಿನ ಹಾಳೆ, ರೆಸಿನ್ನು ಅಂದರೆ ಅದಕ್ಕೆ ಕುಡಿಸಿ ಗಟ್ಟಿ ಮಾಡುವ ಅಂಟು ದ್ರವ. ಇವೆರಡೂ ನನಗೆ ಹೊಸದಲ್ಲ. ಆದರೆ ದೋಣಿ ಕೊಂಡದ್ದು ಇದೇ ಮೊದಲು. ಮಾವನಿಗೆ ಈಜು ಬರುತ್ತದೆ ನಿಜ, ಆದರೆ ಹಿನ್ನೀರಿನ ನಡುವೆ ಗಾಳಿ ಎದ್ದಾಗ ಆ ಮೊಣಕಾಲಿನಲ್ಲಿ ಎಷ್ಟು ದೂರ ಈಜುತ್ತಾರೆ? ಅದಕ್ಕೇ ಅವಸರ ಮಾಡಲಿಲ್ಲ. ಎರಡು ದೋಣಿ ನೋಡಿ, ಒಂದು ಬಿಟ್ಟು, ಒಂದು ತಂದು, ಆರು ವಾರ ರಿಪೇರಿ ಮಾಡಿದೆ. ಹಳೇ ದೋಣಿ ಕೊಳ್ಳುವವರಿಗೆ ಉಪಯೋಗಕ್ಕೆ ಬರಲಿ ಅಂತ ಎಲ್ಲ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ವಿಜಯನಗರ ನೋಡಲು 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿ ಜನ ಹೊಳೆ ದಾಟುವ ದುಂಡನೆಯ ಬುಟ್ಟಿ ದೋಣಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ, ಡಾಂಬರು. ಅಂದಿನಿಂದ ಇಂದಿನವರೆಗೆ ಹರಿಗೋಲಿನ ಒಂದು ಗುಣ ಬದಲಾಗಿಲ್ಲ. ಅದು ಏನನ್ನೂ ಮುಚ್ಚಿಡುವುದಿಲ್ಲ. ಬಿದಿರು ಮುರಿದರೆ ಕಣ್ಣಿಗೆ ಕಾಣುತ್ತದೆ, ಡಾಂಬರು ಬಿಟ್ಟರೆ ಕಾಲಿಗೆ ನೀರು ತಾಗುತ್ತದೆ. ಫೈಬರ್ ದೋಣಿ ಹಾಗಲ್ಲ. ಹೊರಗೆ ಗಾಜಿನ ನಾರು ಮತ್ತು ರೆಸಿನ್ನಿನ ಚಿಪ್ಪು. ಒಳಗೆ ಎಲ್ಲೆಲ್ಲಿ ಬಲ ಬೇಕೋ ಅಲ್ಲಿ ಮರ. ಮೋಟಾರು ಕೂಡುವ ಹಿಂದಿನ ಹಲಗೆ, ಅಂದರೆ ಟ್ರಾನ್ಸಮ್, ಎರಡು ಫೈಬರ್ ಪದರದ ನಡುವೆ ಇಟ್ಟ ಪ್ಲೈವುಡ್ಡು. ಅಡ್ಡಪಟ್ಟಿಗಳ ಹೊಟ್ಟೆಯಲ್ಲೂ ಮರ ಇರುತ್ತದೆ. ಸೀಟಿನ ಪೆಟ್ಟಿಗೆಯೊಳಗೆ ತೇಲಲಿ ಅಂತ ಫೋಮ್ ತುಂಬಿರುತ್ತಾರೆ. ಒಂದು ಸ್ಕ್ರೂ ತೂತಿನಿಂದ ನೀರು ಒಳಗೆ ಹೋಯಿತು ಅಂದರೆ ಹೊರಗೆ ಬರಲು ದಾರಿಯೇ ಇಲ್ಲ. ಹತ್ತು ವರ್ಷ ಅಲ್ಲೇ ಕೂತು ಮರ ಕೊಳೆಸುತ್ತದೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ.

ಹಾಗಾಗಿ ತೂತು ಬಿದ್ದ ದೋಣಿಗೆ ನಾನು ಹೆದರುವುದಿಲ್ಲ. ತೂತು ಕಾಣುತ್ತದೆ, ಅಳೆಯಬಹುದು, ಮುಚ್ಚುವ ಖರ್ಚು ಲೆಕ್ಕ ಹಾಕಬಹುದು. ನನಗೆ ಹೆದರಿಕೆ ಒಳಗಿನ ಒದ್ದೆ ಮರದ್ದು.

ಮೊದಲ ದೋಣಿ

ಹೊಸಪೇಟೆ ಕಡೆಯದು. 18 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಆಕಾಶ ನೀಲಿ ಬಣ್ಣ, ಅಂಚಿಗೆ ಬಿಳಿ ಪಟ್ಟಿ, 8 ಎಚ್‌ಪಿ ಮೋಟಾರು ಕೂಡಿಸಿಯೇ ಇತ್ತು. ಮೋಟಾರು ಬಿಟ್ಟು ಬರೀ ದೋಣಿಗೆ 65 ಸಾವಿರ ಹೇಳಿದರು. ಮಾವ ನೋಡಿದ ಕೂಡಲೇ ಮನಸ್ಸು ಕೊಟ್ಟುಬಿಟ್ಟರು.

ಬೇಕೆಂದೇ ಸಂಜೆ ಹೋಗಿದ್ದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲ ಮೈಯೂ ಸಪಾಟಾಗಿ ಕಾಣುತ್ತದೆ. ಬೆಳಕು ಇಳಿದ ಮೇಲೆ ಟಾರ್ಚನ್ನು ದೋಣಿಯ ಮೈಗೆ ಒರಗಿಸಿ ಹಿಡಿದು, ಬೆಳಕು ಉದ್ದಕ್ಕೆ ಹರಿಯುವ ಹಾಗೆ ಬಿಡಬೇಕು. ಬಲಗಡೆ ಪಕ್ಕದಲ್ಲಿ ಒಂದು ಮೊಳದಷ್ಟು ಜಾಗ ಅಲೆ ಅಲೆಯಾಗಿ ಕಂಡಿತು. ಉಗುರಿನಿಂದ ಬಣ್ಣದ ಅಂಚು ಕೆರೆದರೆ ಬೆರಳಿಗೆ ಬಿಳಿ ಹಿಟ್ಟು ಹತ್ತಿತು. ಕಾರಿನ ನೆಗ್ಗು ತುಂಬುವ ಪುಟ್ಟಿ ಅದು. ಫೈಬರ್ ಮೇಲೆ ಪುಟ್ಟಿ ಹಚ್ಚುವುದು ತಪ್ಪಲ್ಲ, ಕೆಳಗೆ ಮ್ಯಾಟು ಹಾಕಿ ಗಟ್ಟಿ ಮಾಡಿದ್ದರೆ. ಒಳಗಡೆ ಬಗ್ಗಿ ಅದೇ ಜಾಗ ಹುಡುಕಿದೆ. ಹೊಸ ಮ್ಯಾಟು ಎಲ್ಲೂ ಇಲ್ಲ. ಬದಲಿಗೆ ಅಂಗೈ ಅಗಲ ಬೆಳ್ಳಗಾಗಿತ್ತು.

ಈ ಬಿಳಿ ಬಹಳ ಮುಖ್ಯ. ಫೈಬರಿಗೆ ಜೋರಾಗಿ ಪೆಟ್ಟು ಬಿದ್ದು ಬಾಗಿದರೆ ಒಳಗೆ ಗಾಜಿನ ನಾರು ರೆಸಿನ್ನಿನಿಂದ ಬಿಟ್ಟುಕೊಳ್ಳುತ್ತದೆ. ಚಿಪ್ಪು ಮತ್ತೆ ತನ್ನ ಆಕಾರಕ್ಕೆ ಬರುತ್ತದೆ, ಹೊರಗೆ ಒಂದು ಕೂದಲೆಳೆ ಗೀರು ಅಷ್ಟೇ ಉಳಿಯುತ್ತದೆ. ಆದರೆ ನಾರು ಬಿಟ್ಟ ಜಾಗ ಬೆಳಕಿಗೆ ಬೆಳ್ಳಗೆ ಕಾಣುತ್ತದೆ. ಹೊರಗೆ ಗೀರು ಕಂಡರೆ ತಕ್ಷಣ ಒಳಗೆ ಅದೇ ಜಾಗ ನೋಡಬೇಕು. ಒಳಗೆ ಬಿಳಿ ಇಲ್ಲವಾದರೆ ಅದು ಮೇಲಿನ ಜೆಲ್ ಕೋಟ್, ಅಂದರೆ ಬಣ್ಣದ ರೆಸಿನ್ ಹೊದಿಕೆಯ ಬಿರುಕು, ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಿಳಿ ಇದ್ದರೆ ಅಲ್ಲಿ ಬಲ ಹೋಗಿದೆ.

ಗೀರುಗಳಲ್ಲೂ ಜಾತಿ ಇದೆ. ಒಂದು ಚುಕ್ಕೆಯಿಂದ ನಕ್ಷತ್ರದ ಹಾಗೆ ಹರಡಿದ್ದರೆ ಏನೋ ಬಡಿದಿದೆ. ಮೂಲೆಯಲ್ಲಿ, ಇಲ್ಲಾ ಅಡ್ಡಪಟ್ಟಿಯ ಪಕ್ಕದಲ್ಲಿ ನಾಲ್ಕೈದು ಗೀರು ಸಾಲಾಗಿ ಒಂದೇ ಕಡೆ ಓಡಿದ್ದರೆ ಆ ಭಾಗ ದಿನಾ ಬಾಗಿ ಬಾಗಿ ದಣಿದಿದೆ ಅಂತ. ನನಗೆ ಎರಡನೆಯದೇ ಹೆಚ್ಚು ಚಿಂತೆ. ಪೆಟ್ಟು ಒಂದು ಸಲ ಬಿದ್ದು ಮುಗಿಯಿತು, ಬಾಗುವುದು ಮುಗಿಯುವುದಿಲ್ಲ. ಈ ನೀಲಿ ದೋಣಿಯಲ್ಲಿ ಹಿಂದಿನ ಹಲಗೆ ಪಕ್ಕದ ಗೋಡೆಗೆ ಸೇರುವ ಎರಡೂ ಮೂಲೆಯಲ್ಲಿ ಅಂಥ ಸಾಲು ಗೀರುಗಳಿದ್ದವು.

ಮೋಟಾರು ಕೂಡಿಸಿದ್ದು ಒಳ್ಳೆಯದೇ ಆಯಿತು. ಅದರ ತಲೆ ಹಿಡಿದು ಮೆಲ್ಲಗೆ ಮುಂದೆ ಹಿಂದೆ ಒತ್ತಲು ಮಾವನಿಗೆ ಹೇಳಿ, ನಾನು ಮೂಲೆಗೆ ಕಣ್ಣಿಟ್ಟು ಕೂತೆ. ಗೀರುಗಳು ಬಾಯಿ ತೆರೆದು ಮುಚ್ಚಿದವು. ಮೂರನೇ ಸಲ ಒತ್ತಿದಾಗ ಬೋಲ್ಟಿನ ಸುತ್ತ ಕಂದು ಬಣ್ಣದ ನೀರು ಒಸರಿತು. ಚಹಾ ಡಿಕಾಕ್ಷನ್ ಥರ. ಮುಟ್ಟಿ ಮೂಸಿದೆ, ಕೊಳೆತ ಹುಲ್ಲಿನ ವಾಸನೆ. ದೋಣಿ ನೀರಿನಿಂದ ಮೇಲೆ ಬಂದು ಎರಡು ತಿಂಗಳಾಗಿದೆ ಅಂತ ಅವರೇ ಹೇಳಿದ್ದರು. ಎರಡು ತಿಂಗಳಾದರೂ ಒಳಗೆ ನೀರು ಇದೆ ಅಂದರೆ ಆ ಪ್ಲೈವುಡ್ಡು ಈಗ ಪ್ಲೈವುಡ್ಡಲ್ಲ.

ಆಮೇಲೆ ತೂಕ. ಇದಕ್ಕೆ ಭತ್ತದ ಚೀಲ ತೂಗುವ ಕಾಟಾ ಸಾಕು. ನಮ್ಮ ಕಡೆ ಅದಕ್ಕೇನು ಬರ ಇಲ್ಲ. ದೋಣಿಯ ಮೂತಿಯನ್ನು ಕಾಟಾ ಮೇಲೆ, ಹಿಂಭಾಗವನ್ನು ಅಷ್ಟೇ ಎತ್ತರದ ಇಟ್ಟಿಗೆ ಮೇಲೆ ಇಟ್ಟು ತೂಗಬೇಕು. ಆಮೇಲೆ ತಿರುವುಮುರುವು. ಎರಡೂ ಕೂಡಿದರೆ ಒಟ್ಟು ತೂಕ. ಇದರ ದೊಡ್ಡ ಲಾಭ ಏನಂದರೆ ಯಾವ ತುದಿ ಭಾರ ಅನ್ನೋದೂ ಗೊತ್ತಾಗುತ್ತದೆ. ಮೋಟಾರು ಬಿಚ್ಚಿಸಿ ತೂಗಿದೆವು. ಮುಂದೆ 105 ಕೆಜಿ, ಹಿಂದೆ 205. ಒಟ್ಟು 310.

ಇಷ್ಟು ದೋಣಿ ಎಷ್ಟು ತೂಗಬೇಕು? ಚಿಪ್ಪಿನ ವಿಸ್ತೀರ್ಣ ಹತ್ತಿರ ಹತ್ತಿರ 10 ಚದರ ಮೀಟರ್. ದಪ್ಪ ಸರಾಸರಿ 6 ಮಿಲಿಮೀಟರ್. ಕೈಯಿಂದ ಹಾಕಿದ ಮ್ಯಾಟಿನ ಫೈಬರು ನೀರಿನ ಒಂದೂವರೆ ಪಟ್ಟು ತೂಗುತ್ತದೆ. ಗುಣಿಸಿದರೆ 90 ಕೆಜಿ. ಅಡ್ಡಪಟ್ಟಿ, ಸೀಟು, ಅಂಚು, ಹಿಂದಿನ ಹಲಗೆ ಎಲ್ಲ ಸೇರಿ ಇನ್ನೊಂದು ಅಷ್ಟೇ ಹಿಡಿಯಿರಿ. 180ರಿಂದ 200 ಸರಿ. ಉಳಿದ ನೂರಕ್ಕೂ ಹೆಚ್ಚು ಕೆಜಿ ಎಲ್ಲಿಂದ ಬಂತು? ಅಷ್ಟೂ ಮರ ಮತ್ತು ಫೋಮ್ ಕುಡಿದ ನೀರು. ಹಿಂದಿನ ಸೀಟಿನ ತಳದಲ್ಲಿ ಒಂದು ಸಣ್ಣ ತೂತು ಕೊರೆದು ನೋಡಲೇ ಅಂತ ಕೇಳಿದೆ. ಮಾಲೀಕರು ಒಪ್ಪಲಿಲ್ಲ. ನಮಸ್ಕಾರ ಹೇಳಿ ಬಂದೆವು. ದಾರಿಯಲ್ಲಿ ಮಾವ ತುಂಬಾ ಹೊತ್ತು ಮಾತಾಡಲಿಲ್ಲ. ಹುಲಿಗಿ ಹತ್ತಿರ ಬಂದ ಮೇಲೆ, "ಬಣ್ಣ ಚಲೋ ಇತ್ತು ನೋಡು" ಅಂದರು.

ಜಾಲಿ ಮರದ ಕೆಳಗಿನ ದೋಣಿ

ಹದಿನೈದು ದಿನದ ಮೇಲೆ ಕಂಪ್ಲಿಯಿಂದ ಒಬ್ಬರು ಹೇಳಿ ಕಳಿಸಿದರು. ಡ್ಯಾಮಿನಿಂದ ನೀರು ಜೋರಾಗಿ ಬಿಟ್ಟಾಗ ಮುಳುಗುತ್ತದಲ್ಲ ಕಂಪ್ಲಿ ಸೇತುವೆ, ಅಲ್ಲಿಂದ ಸ್ವಲ್ಪ ದೂರ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಕೆಳಗೆ ದೋಣಿ ಬೋರಲು ಬಿದ್ದಿತ್ತು. ಬಣ್ಣ ಇತ್ತೋ ಇಲ್ಲವೋ ಗೊತ್ತಾಗದಷ್ಟು ಮಾಸಿತ್ತು. ತಳದಲ್ಲಿ ಬಲಮುಂಭಾಗಕ್ಕೆ ಕೈ ತೂರುವಷ್ಟು ತೂತು.

ಮಾಲೀಕರು ಏನೂ ಮುಚ್ಚಿಡಲಿಲ್ಲ. "ಕಲ್ಲಿಗೆ ಬಡೀತ್ರಿ, ಅವತ್ತೇ ಎತ್ತಿ ಹಾಕೀನಿ. ಎಲ್ಡು ವರ್ಷಾತು. ಬಡದು ನೋಡ್ರಿ, ಕೊರದು ನೋಡ್ರಿ, ನಿಮ್ಗ ಬೇಕಾದ್ದು ಮಾಡ್ರಿ" ಅಂದರು. ಈ ಮಾತೇ ನನಗೆ ಅರ್ಧ ಧೈರ್ಯ ಕೊಟ್ಟಿತು. ಇನ್ನರ್ಧ, ಎರಡು ವರ್ಷ ಬೋರಲು ಬಿದ್ದದ್ದು. ಬೋರಲು ಬಿದ್ದ ದೋಣಿಯೊಳಗೆ ಮಳೆ ನೀರು ನಿಲ್ಲುವುದಿಲ್ಲ. ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಚಿಪ್ಪು ಚೆನ್ನಾಗಿ ಒಣಗಿರುತ್ತದೆ.

ಬಿಸಿಲಿನಿಂದ ಮೇಲ್ಮೈ ಸುಣ್ಣದ ಹಾಗಾಗಿತ್ತು. ಕೈ ಒರೆಸಿದರೆ ಪುಡಿ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಹಳೇ ಹಸಿರು ಬಣ್ಣ ಎದ್ದು ಬಂತು. ಅಂದರೆ ಬಿಸಿಲು ತಿಂದದ್ದು ಮೇಲಿನ ತೊಗಟೆಯನ್ನು ಮಾತ್ರ. ಅಂಚಿನ ಉದ್ದಕ್ಕೆ ಒಂದಿಷ್ಟು ಕಡೆ ಗಾಜಿನ ನಾರು ಮೇಲೆದ್ದು ಚುಚ್ಚುತ್ತಿತ್ತು, ಅದೂ ಕೆಲಸವೇ, ಆದರೆ ಅಪಾಯವಲ್ಲ.

ಆಮೇಲೆ ಬಡಿಯುವ ಕೆಲಸ. ಐದು ರೂಪಾಯಿ ನಾಣ್ಯ ಸಾಕು, ನಾನು ಚಿಕ್ಕ ಸುತ್ತಿಗೆಯ ಮರದ ಹಿಡಿ ಬಳಸಿದೆ. ಗಟ್ಟಿ ಜಾಗ ಠಣ್ ಅನ್ನದಿದ್ದರೂ ಟಕ್ ಅಂತ ಚುರುಕಾಗಿ ಕೇಳುತ್ತದೆ. ಪದರ ಬಿಟ್ಟ ಜಾಗ ದಬ್ ಅನ್ನುತ್ತದೆ. ಕಲ್ಲಂಗಡಿ ಬಡಿದು ನೋಡುವವರಿಗೆ ಈ ಕಿವಿ ಇರುತ್ತದೆ, ಅಲ್ವಾ? ಒಂದೇ ಎಚ್ಚರ: ಒಳಗೆ ಅಡ್ಡಪಟ್ಟಿ ಇರುವ ಕಡೆ ಶಬ್ದ ತಾನಾಗಿ ಬದಲಾಗುತ್ತದೆ. ಅದನ್ನು ಪೆಟ್ಟು ಅಂದುಕೊಳ್ಳಬಾರದು. ಅದಕ್ಕೆ ಎಡ ಬಲ ಎರಡೂ ಕಡೆ ಒಂದೇ ಜಾಗ ಬಡಿದು ಹೋಲಿಸಬೇಕು. ನಾನು ಚಾಕ್‌ಪೀಸ್ ಹಿಡಿದು ಬೆರಳಗಲಕ್ಕೊಂದು ಬಡಿಯುತ್ತ, ದಬ್ ಅಂದ ಕಡೆ ಗೆರೆ ಹಾಕುತ್ತ ಹೋದೆ. ಒಂದೂವರೆ ಗಂಟೆ ಹಿಡಿಯಿತು. ತೂತಿನ ಸುತ್ತ ನಾಲ್ಕು ಬೆರಳು ಅಗಲ ದಬ್. ಹಿಂದಿನ ಹಲಗೆಯಲ್ಲಿ ಮೋಟಾರಿನ ಬೋಲ್ಟ್ ತೂತುಗಳ ಸುತ್ತ ಅರ್ಧ ಅಡಿ ದಬ್. ಬಾಕಿ ಎಲ್ಲ ಟಕ್.

ತಳದಲ್ಲಿ ಕಡಲೆಕಾಳಿನಷ್ಟು ದಪ್ಪದ ಗುಳ್ಳೆಗಳು ಹನ್ನೆರಡು ಇದ್ದವು. ಕನ್ನಡಕ ಹಾಕಿಕೊಂಡು ಒಂದನ್ನು ಸೂಜಿಯಿಂದ ಚುಚ್ಚಿದೆ. ಒಳಗೆ ಅಂಟಿನಂಥದ್ದು ಒಂದು ಚೂರು, ವಿನೆಗರ್ ಹಾಗೆ ಹುಳಿ ವಾಸನೆ. ಹೊಸ ಗುಳ್ಳೆಯಾದರೆ ನೀರು ಚಿಮ್ಮಿ ಕಣ್ಣಿಗೆ ಹಾರಬಹುದು, ಅದಕ್ಕೆ ಕನ್ನಡಕ ಮರೆಯಬೇಡಿ. ಸಮುದ್ರದ ನೀರಿಗಿಂತ ನಮ್ಮ ಹೊಳೆಯ ಸಿಹಿ ನೀರಿನಲ್ಲೇ ಈ ಗುಳ್ಳೆ ಜಾಸ್ತಿ. ಇದು ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. ಉಪ್ಪಿನಕಾಯಿಗೆ ಮಾವಿನ ಹೋಳಿಗೆ ಉಪ್ಪು ಹಚ್ಚಿಟ್ಟರೆ ಹೋಳು ನೀರು ಬಿಡುತ್ತದಲ್ಲ, ನೀರು ಉಪ್ಪಿದ್ದ ಕಡೆ ಹರಿಯುತ್ತದೆ. ರೆಸಿನ್ನಿನಲ್ಲಿ ಸರಿಯಾಗಿ ಸೇರದೆ ಉಳಿದ ರಸಾಯನ ನೀರಿನಲ್ಲಿ ಕರಗಿ ಆ ಉಪ್ಪಿನ ಹಾಗೆ ಕೆಲಸ ಮಾಡುತ್ತದೆ. ಹೊರಗಿನ ನೀರು ಎಷ್ಟು ಸಿಹಿಯೋ ಅಷ್ಟು ಜೋರಾಗಿ ಒಳಗೆ ಎಳೆಯುತ್ತದೆ. ಗುಳ್ಳೆ ಜೆಲ್ ಕೋಟ್ ಕೆಳಗೆ ಮಾತ್ರ ಇದ್ದರೆ ಕೆರೆದು, ಒಣಗಿಸಿ ತುಂಬಬಹುದು. ಗುಳ್ಳೆ ಕೆರೆದ ಮೇಲೆ ಕೆಳಗಿನ ನಾರೇ ಮೆತ್ತಗೆ ಸಿಕ್ಕರೆ ಆ ದೋಣಿ ಬಿಟ್ಟುಬಿಡಿ. ಇಲ್ಲಿ ಕೆಳಗೆ ಗಟ್ಟಿ ಇತ್ತು.

ಒಳಗಿನ ಐದು ಅಡ್ಡಪಟ್ಟಿಗಳಿಗೆ ಹ್ಯಾಕ್ಸಾ ಬ್ಲೇಡು ತೂರಿಸಿ ನೋಡಿದೆ. ಪಟ್ಟಿ ಚಿಪ್ಪಿಗೆ ಅಂಟಿದ ಗೆರೆಯಲ್ಲಿ ಬ್ಲೇಡು ಒಳಗೆ ಹೋಗಬಾರದು. ಎರಡರಲ್ಲಿ ಒಂದೊಂದು ಗೇಣು ಹೋಯಿತು. ತೂತಿಗೆ ಹತ್ತಿರದ ಪಟ್ಟಿಗಳೇ ಅವು. ಕಲ್ಲಿಗೆ ಬಡಿದ ಏಟು ಅಲ್ಲಿಯವರೆಗೆ ಓಡಿದೆ. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ, ಏಟು ಬಿದ್ದ ಜಾಗದಲ್ಲಿ ಮಾತ್ರ ಹುಡುಕಿದರೆ ಸಾಲದು. ಪಕ್ಕದ ಜೋಡಣೆ, ಅದರಾಚೆಯ ಮೂಲೆ ಎಲ್ಲ ನೋಡಬೇಕು.

ಮೂತಿಯಿಂದ ಹಿಂದಿನವರೆಗೆ ತಳದ ನಡುವೆ ಉದ್ದಕ್ಕೆ ಓಡುವ ಏಣಿನ (ಕೀಲ್) ಮೇಲೆ ದಾರ ಎಳೆದೆ. ನಡುವೆ 8 ಮಿಲಿಮೀಟರ್ ತಗ್ಗು. ಎರಡು ಕಲ್ಲಿನ ಮೇಲೆ ಬೋರಲು ಮಲಗಿ ಮಲಗಿ ಸ್ವಲ್ಪ ಜೋತಿದೆ. ವೇಗವಾಗಿ ಓಡುವ ದೋಣಿಯಾಗಿದ್ದರೆ ಇದು ದೊಡ್ಡ ದೋಷ. ಬಲೆ ಬಿಡುವ, ಮೆಲ್ಲಗೆ ಹೋಗುವ ದೋಣಿಗೆ ನಡೆಯುತ್ತದೆ.

ಕೊನೆಗೆ ಹಿಂದಿನ ಹಲಗೆಗೆ ಒಳಗಿನಿಂದ 5 ಮಿಲಿಮೀಟರ್ ಬಿಟ್‌ನಲ್ಲಿ ಐದು ತೂತು. ತೂತಿಗಿಂತ ಹೊರಗೆ ಬರುವ ಹೊಟ್ಟು ನೋಡಬೇಕು. ಒಣ ಮರವಾದರೆ ತಿಳಿ ಬಣ್ಣದ, ಗರಿಗರಿ ಸುರುಳಿ ಬರುತ್ತದೆ. ಒದ್ದೆಯಾಗಿದ್ದರೆ ಕಪ್ಪು, ಬಿಟ್ಟಿಗೆ ಅಂಟುತ್ತದೆ, ಬೆರಳಲ್ಲಿ ಹಿಂಡಿದರೆ ಉಂಡೆಯಾಗುತ್ತದೆ. ಮೇಲಿನ ಎರಡರಲ್ಲಿ ಕಪ್ಪು ಬಂತು, ಕೆಳಗಿನ ಮೂರರಲ್ಲಿ ಒಣ ಸುರುಳಿ. ತೂಕ ಮುಂದೆ 90, ಹಿಂದೆ 125, ಒಟ್ಟು 215.

ಮೇಲಿನ ಅರ್ಧ ಹಲಗೆ ಬದಲಿಸಿದರೆ ಸಾಕು ಅಂತ ಲೆಕ್ಕ ಹಾಕಿದೆ. 28 ಸಾವಿರ ಹೇಳಿದ್ದರು, 22 ಸಾವಿರಕ್ಕೆ ಕೊಟ್ಟರು. ಟಾಟಾ ಏಸ್ ಮೇಲೆ ಹಾಕಿಕೊಂಡು ಗಂಗಾವತಿಗೆ ತಂದೆವು.

ತೆರೆದಾಗ ಸಿಕ್ಕಿದ್ದು

ಫೆಬ್ರವರಿ ಎರಡನೇ ವಾರ ಶುರು. ಹಿಂದಿನ ಹಲಗೆಯ ಒಳಪದರವನ್ನು ಗ್ರೈಂಡರ್‌ನಲ್ಲಿ ಸುತ್ತಲೂ ಎರಡು ಇಂಚು ಅಂಚು ಬಿಟ್ಟು ಕತ್ತರಿಸಿದೆ. ಹೊರಪದರ ಮುಟ್ಟಲಿಲ್ಲ, ಅದೇ ಹೊಸ ಹಲಗೆಗೆ ಅಚ್ಚು. ಒಳಪದರ ಎಬ್ಬಿಸಿದಾಗ ಮೇಲಿನ ಭಾಗ ಅಂದುಕೊಂಡ ಹಾಗೇ ಕಪ್ಪಾಗಿತ್ತು. ನಡುವೆ ಒಳ್ಳೆ ಮರ. ಆದರೆ ತಳದಲ್ಲಿ ನೀರು ಬಿಡುವ ಬಿರಡೆ ತೂತಿನ ಸುತ್ತ ಮತ್ತೆ ಕೊಳೆತಿತ್ತು. ಉಳಿಯ ಏಟೇ ಬೇಕಾಗಲಿಲ್ಲ, ಬೆರಳಿನಿಂದ ತೆಗೆದರೆ ಎಳೆ ಎಳೆಯಾಗಿ ಬಂತು, ಬೆಂದ ಮಾಂಸದ ಹಾಗೆ.

ಇಲ್ಲಿ ನನ್ನ ಅಂದಾಜು ತಪ್ಪಿತು. ನಾನು ಕೊರೆದ ಕೆಳಗಿನ ಮೂರು ತೂತುಗಳಲ್ಲಿ ಯಾವುದೂ ಬಿರಡೆಯ ಹತ್ತಿರ ಇರಲಿಲ್ಲ. ಆ ತೂತು ಮಾಡಿದವರು ಪ್ಲೈವುಡ್ಡಿನ ಹಸಿ ಅಂಚಿಗೆ ಏನೂ ಹಚ್ಚದೆ ಹಾಗೇ ಹಿತ್ತಾಳೆ ಕೊಳವೆ ತೂರಿಸಿದ್ದರು. ಸದಾ ನೀರಲ್ಲಿ ಇರುವ ಜಾಗವೇ ಅದು. ಈಗ ಯಾರಾದರೂ ಕೇಳಿದರೆ ಮೊದಲು ಬಿರಡೆ ಪಕ್ಕ ಕೊರೆಯಿರಿ ಅಂತಲೇ ಹೇಳುತ್ತೇನೆ. ಆಮೇಲೆ ಮೋಟಾರಿನ ಬೋಲ್ಟ್. ಮನುಷ್ಯ ಎಲ್ಲೆಲ್ಲಿ ತೂತು ಮಾಡಿದ್ದಾನೋ ಅಲ್ಲೆಲ್ಲ ಕೊರೆದು ನೋಡಬೇಕು.

ಅರ್ಧ ಬದಲಿಸುವ ಯೋಚನೆ ಬಿಟ್ಟು ಇಡೀ ಮರ ತೆಗೆದೆ. ಎರಡು ದಿನ ಉಳಿ, ಸುತ್ತಿಗೆ. ಖಾಲಿ ಗೂಡನ್ನು ಐದು ದಿನ ಬಿಸಿಲಿಗೆ ಬಿಟ್ಟೆ.

ಹೊಸ ಹಲಗೆಗೆ ಐಎಸ್ 710 ಗುರುತಿನ, ಅಂದರೆ ನೀರು ತಡೆಯುವ ಮರೈನ್ ಪ್ಲೈ, 18 ಮಿಲಿಮೀಟರಿನದು ಎರಡು. ಮನೆ ಬಾಗಿಲಿಗೆ ಬಳಸುವ ಮಾಮೂಲಿ ಪ್ಲೈ ಇಲ್ಲಿ ಬೇಡ, ಉಳಿಸುವ ದುಡ್ಡು ತೀರಾ ಕಡಿಮೆ. ಎರಡನ್ನೂ ನಡುವೆ ಒಂದು ಪದರ ಮ್ಯಾಟು ಇಟ್ಟು ರೆಸಿನ್ನಿನಿಂದ ಅಂಟಿಸಿದೆ. ಅಂಚುಗಳಿಗೆ ಮೂರು ಸಲ ರೆಸಿನ್ ಕುಡಿಸಿದೆ. ಪ್ಲೈವುಡ್ಡು ನೀರು ಕುಡಿಯುವುದು ಅಂಚಿನಿಂದಲೇ.

ರೆಸಿನ್ ಕಲಸುವ ಬಗ್ಗೆ ಗಂಭೀರವಾಗಿ ಒಂದು ಮಾತು. ಗಟ್ಟಿಯಾಗುವ ವೇಗ ಹೆಚ್ಚಿಸುವ ಕೋಬಾಲ್ಟ್ ಆಕ್ಸಿಲರೇಟರನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ. ಆಮೇಲೆ ಗಟ್ಟಿಯಾಗುವುದನ್ನು ಶುರು ಮಾಡುವ ಕ್ಯಾಟಲಿಸ್ಟ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಯಾವತ್ತೂ ಸೇರಿಸಬೇಡಿ, ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಇಬ್ಬರು ಕೆಲಸ ಮಾಡುವಾಗ ಎರಡು ಡಬ್ಬಿ ಎರಡು ಬೇರೆ ಮೂಲೆಯಲ್ಲಿ ಇಡಿ, ಅಳೆಯುವ ಲೋಟವೂ ಬೇರೆ. ನಮ್ಮ ಬಿಸಿಲಿಗೆ ರೆಸಿನ್ ಬೇಗ ಗಟ್ಟಿಯಾಗುತ್ತದೆ ಅಂತ ಕೆಲವರು ಕ್ಯಾಟಲಿಸ್ಟ್ ಕಡಿಮೆ ಮಾಡುತ್ತಾರೆ. ತೀರಾ ಕಡಿಮೆಯಾದರೆ ರೆಸಿನ್ ಒಳಗೊಳಗೆ ಹಸಿಯಾಗಿಯೇ ಉಳಿಯುತ್ತದೆ. ನಾನು ಕಿಲೋಗೆ 10 ಮಿಲಿಗಿಂತ ಕೆಳಗೆ ಇಳಿಸಲಿಲ್ಲ. ಬದಲಿಗೆ ಕೋಬಾಲ್ಟ್ ಕಡಿಮೆ ಮಾಡಿದೆ, ಅರ್ಧರ್ಧ ಕಿಲೋ ಮಾತ್ರ ಕಲಸಿದೆ, ಬೆಳಿಗ್ಗೆ ಐದೂವರೆಗೆ ಶುರು ಮಾಡಿ ಎಂಟಕ್ಕೆ ನಿಲ್ಲಿಸಿದೆ. ಒಂದು ದಿನ ಒಂಬತ್ತರವರೆಗೆ ಎಳೆದೆ. ಮಗ್ಗಿನಲ್ಲಿದ್ದ ರೆಸಿನ್ ಹೊಗೆಯಾಡಿ ಬಿರುಕು ಬಿಟ್ಟಿತು. ಅಷ್ಟು ರೆಸಿನ್ ಎಸೆದು ಮನೆಗೆ ಹೋದೆ.

ಹಲಗೆ ಕೂಡಿಸುವಾಗ ಹೊರಪದರಕ್ಕೆ ಪೂರ್ತಿ ಗಟ್ಟಿ ರೆಸಿನ್ ಪುಟ್ಟಿ ಮೆತ್ತಿ, ಹಲಗೆ ಒತ್ತಿ, ಹೊರಗೆ ಎರಡು ದಪ್ಪ ಪಟ್ಟಿ ಇಟ್ಟು ಆರು ಸಿ ಕ್ಲಾಂಪ್ ಬಿಗಿದೆ. ಸುತ್ತ ಎಲ್ಲ ಕಡೆಯಿಂದ ಪುಟ್ಟಿ ಹೊರಗೆ ಉಕ್ಕಬೇಕು. ಉಕ್ಕದ ಕಡೆ ಒಳಗೆ ಪೊಳ್ಳು ಅಂತಲೇ ಅರ್ಥ. ನನ್ನ ಪುಟ್ಟಿ ಕತ್ತರಿಸಿದ ಗಾಜಿನ ನಾರು ಮತ್ತು ರೆಸಿನ್ ದಪ್ಪಗಾಗಿಸುವ ಏರೋಸಿಲ್ ಪುಡಿ ಕಲಸಿದ್ದು. ಚಾಕ್ ಪೌಡರ್ ಹಾಕಲಿಲ್ಲ, ಅದು ನೀರು ಹೀರುತ್ತದೆ. ಒಳಗೆ ನಾಲ್ಕು ಪದರ ಮ್ಯಾಟು, ಪಕ್ಕದ ಗೋಡೆಗೂ ತಳಕ್ಕೂ ಆರಾರು ಇಂಚು ಹತ್ತಿಸಿ.

ಬೋಲ್ಟಿನ ತೂತು ಮಾಡಿದ ರೀತಿ ಹೇಳಲೇಬೇಕು. ಬೋಲ್ಟ್ 10 ಮಿಲಿಮೀಟರಿನದು. ಮೊದಲು 18ರ ಬಿಟ್‌ನಲ್ಲಿ ದೊಡ್ಡ ತೂತು ಕೊರೆದೆ. ಅದನ್ನು ಪೂರ್ತಿ ಪುಟ್ಟಿಯಿಂದ ತುಂಬಿ, ಮರುದಿನ ಅದೇ ಪುಟ್ಟಿಯ ನಡುವೆ 10ರ ತೂತು ಕೊರೆದೆ. ಈಗ ಬೋಲ್ಟಿನ ಸುತ್ತ ನಾಲ್ಕು ಮಿಲಿಮೀಟರ್ ಗಟ್ಟಿ ರೆಸಿನ್ ಕೊಳವೆ ಇದೆ. ಬೋಲ್ಟಿಗೆ ನೀರು ನುಗ್ಗದ ಹಾಗೆ ಹಚ್ಚುವ ಸೀಲಂಟ್ ಬಿಟ್ಟುಕೊಂಡರೂ ನೀರು ಮರ ಮುಟ್ಟುವುದಿಲ್ಲ. ಬಿರಡೆ ತೂತಿಗೂ ಹಾಗೇ ಮಾಡಿದೆ.

ತೂತು ಮತ್ತು ಪಟ್ಟಿ

ಹಲಗೆಗೆ ಮೂರು ವಾರ ಹಿಡಿಯಿತು. ಎಲ್ಲರೂ ಬೆರಳು ಮಾಡಿ ತೋರಿಸುತ್ತಿದ್ದ ಆ ದೊಡ್ಡ ತೂತು ಮುಚ್ಚಲು ಹಿಡಿದದ್ದು ಎರಡು ಬೆಳಗು.

ಸುತ್ತಲಿನ ಬಿಳಿ ಪೂರ್ತಿ ಹೋಗುವವರೆಗೆ ಕತ್ತರಿಸಿದೆ. ಒಳಗಿನಿಂದ ತೂತಿನ ಅಂಚನ್ನು ಇಳಿಜಾರಾಗಿ ಉಜ್ಜಿದೆ. ಚಿಪ್ಪಿನ ದಪ್ಪಕ್ಕೆ ಹನ್ನೆರಡು ಪಟ್ಟು ಇಳಿಜಾರು ಬೇಕು. 6 ಮಿಲಿಮೀಟರಿಗೆ 72, ಅಂದರೆ ಸುತ್ತ ಮೂರು ಇಂಚು ಹತ್ತಿರ. ಹಳೇ ಫೈಬರಿಗೆ ಹೊಸ ರೆಸಿನ್ ಬೆಸೆಯುವುದಿಲ್ಲ, ಕಚ್ಚಿಕೊಳ್ಳುತ್ತದೆ ಅಷ್ಟೇ. ಕಚ್ಚಲು ಜಾಗ ಬೇಕು, ಒರಟು ಬೇಕು. 40ನೇ ನಂಬರ್ ಪೇಪರಿನಲ್ಲಿ ಉಜ್ಜುವುದಕ್ಕೆ ಮುಂಚೆಯೂ ಅಸಿಟೋನ್ ಒರೆಸಬೇಕು, ಆಮೇಲೂ ಒರೆಸಬೇಕು. ಮುಂಚೆ ಒರೆಸದಿದ್ದರೆ ಹಳೇ ಮೇಣ, ಎಣ್ಣೆಯನ್ನೇ ಪೇಪರು ಒಳಗೆ ತುಂಬಿಬಿಡುತ್ತದೆ.

ಹೊರಗಿನಿಂದ ಮೇಣದ ಪಾಲಿಶ್ ಹಚ್ಚಿದ ಸನ್ಮೈಕಾ ತುಂಡು ಒತ್ತಿ ಕಟ್ಟಿ, ಒಳಗಿನಿಂದ ಚದರ ಮೀಟರಿಗೆ 450 ಗ್ರಾಮಿನ ಮ್ಯಾಟು ಏಳು ಪದರ. ಒಂದು ಪದರ ಸುಮಾರು ಒಂದು ಮಿಲಿಮೀಟರ್ ಆಗುತ್ತದೆ. ದೊಡ್ಡ ತುಂಡು ಮೊದಲು, ಚಿಕ್ಕದು ಕೊನೆಗೆ. ಹೀಗೆ ಮಾಡಿದರೆ ಮೊದಲ ಪದರವೇ ಇಡೀ ಇಳಿಜಾರಿಗೆ ಹತ್ತಿಕೊಳ್ಳುತ್ತದೆ. ಪದರ ಪದರಕ್ಕೂ ಕಬ್ಬಿಣದ ರೋಲರ್ ಉರುಳಿಸಿ ಗಾಳಿ ಗುಳ್ಳೆ ಹೊರಡಿಸಬೇಕು. ಮ್ಯಾಟು ಬಿಳಿಯಿಂದ ತಿಳಿಯಾಗಿ, ಕೆಳಗಿನದು ಕಾಣುವ ಹಾಗಾದರೆ ರೆಸಿನ್ ಕುಡಿದಿದೆ ಅಂತ.

ಬಿಟ್ಟಿದ್ದ ಎರಡು ಅಡ್ಡಪಟ್ಟಿಗಳ ಬುಡ ಉಜ್ಜಿ, ಮೂಲೆಗೆ ಪುಟ್ಟಿಯನ್ನು ಬೆರಳಿನಿಂದ ದುಂಡಗೆ ಎಳೆದು, ನಾಲ್ಕಿಂಚು ಅಗಲದ ಮ್ಯಾಟು ಮೂರು ಪದರ ಹಾಕಿದೆ. ಮೂಲೆ ದುಂಡಗೆ ಮಾಡದಿದ್ದರೆ ಮ್ಯಾಟು ಅಲ್ಲಿ ಎದ್ದು ನಿಂತು ಒಳಗೆ ಗಾಳಿ ಉಳಿಯುತ್ತದೆ. ಗುಳ್ಳೆ ಕೆರೆದು ತುಂಬಿದ್ದು, ಅಂಚು ಕಟ್ಟಿದ್ದು, ಬಣ್ಣ ಹೊಡೆದದ್ದು ಮಾಮೂಲಿ ಕೆಲಸ.

ತಳದ ಏಣಿನ ಮೇಲೆ ಮಾತ್ರ ಉದ್ದಕ್ಕೂ ಎರಡು ಪದರ ಜಾಸ್ತಿ ಹಾಕಿದೆ. 1953ರಲ್ಲಿ ಡ್ಯಾಮು ತುಂಬಿದಾಗ ಮುಳುಗಿದ ಊರುಗಳ ಗೋಡೆ, ಕಟ್ಟೆ, ಗುಡಿಯ ಕಲ್ಲು ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಬರುತ್ತವೆ. ಪೂರ್ತಿ ಮೇಲೆ ಬಂದಾಗ ತೊಂದರೆ ಇಲ್ಲ, ಕಾಣುತ್ತವೆ. ಒಂದು ಗೇಣು ನೀರಿನ ಕೆಳಗೆ ಇದ್ದಾಗಲೇ ದೋಣಿಯ ಹೊಟ್ಟೆ ಸೀಳುತ್ತವೆ. ಮಾವನಿಗೆ ಆ ಕಲ್ಲುಗಳ ಜಾಗ ಬಾಯಿಪಾಠ. ಆದರೆ ಹರಿಗೋಲು ಅವುಗಳ ಮೇಲೆ ಜಾರಿ ಹೋಗುತ್ತಿತ್ತು, ಇದು ಹಾಗೆ ಜಾರುವುದಿಲ್ಲ.

ಫೈಬರ್ ಉಜ್ಜುವವರು ಮಾಸ್ಕು, ಕನ್ನಡಕ, ತುಂಬು ತೋಳಿನ ಅಂಗಿ ಹಾಕಲೇಬೇಕು. ಗಾಜಿನ ದೂಳು ಮೈಗೆ ಹತ್ತಿದರೆ ಮೊದಲು ತಣ್ಣೀರು ಸುರಿಯಿರಿ, ಬಿಸಿನೀರು ಬೇಡ, ಟವೆಲ್ಲಿನಿಂದ ಉಜ್ಜುವುದೂ ಬೇಡ.

ನೀರಿಗೆ

ಮಾರ್ಚ್ ಕೊನೆಯಲ್ಲಿ ನೆಲದ ಮೇಲೇ ಮೊದಲ ಪರೀಕ್ಷೆ. ದೋಣಿಯನ್ನು ನಾಲ್ಕು ಕಡೆ ಮರಳು ಚೀಲದ ಮೇಲೆ ಕೂಡಿಸಿ, ಒಳಗೆ ನಾಲ್ಕಿಂಚು ನೀರು ತುಂಬಿ, ಕೆಳಗೆ ಒಣ ಸಿಮೆಂಟ್ ಕಾಗದ ಹಾಸಿ ರಾತ್ರಿಯಿಡೀ ಬಿಟ್ಟೆ. ಕೊಳ್ಳುವಾಗಲೂ ಇದನ್ನು ಮಾಡಬಹುದು, ಆದರೆ ನಾಲ್ಕಿಂಚಿಗಿಂತ ಹೆಚ್ಚು ತುಂಬಬೇಡಿ, ನೆಲದ ಮೇಲೆ ಆ ಭಾರ ಹೊರಲು ದೋಣಿಗೆ ಸುತ್ತ ನೀರಿನ ಆಸರೆ ಇರುವುದಿಲ್ಲ. ಬೆಳಿಗ್ಗೆ ಕಾಗದ ಒಣಗಿತ್ತು.

ಮತ್ತೆ ತೂಗಿದೆ. ಮುಂದೆ 94, ಹಿಂದೆ 112. ಒಟ್ಟು 206. ಹೊಸ ಮ್ಯಾಟು, ಹೊಸ ಹಲಗೆ ಎಲ್ಲ ಹಾಕಿದ ಮೇಲೂ ಹಿಂಭಾಗ 13 ಕೆಜಿ ಹಗುರ. ಅಷ್ಟು ನೀರು ಆ ಹಳೇ ಮರದಲ್ಲಿತ್ತು, ಎರಡು ಬೇಸಿಗೆ ಕಳೆದ ಮೇಲೂ.

ಮುನಿರಾಬಾದ್ ದಡದಲ್ಲಿ ಇಳಿಸಿದೆವು. 27 ಕೆಜಿಯ ಹಳೇ ಮೋಟಾರು ಒಂದನ್ನು ಮಾವ ತಮ್ಮ ಜೊತೆಗಾರರಿಂದ ಕೊಂಡಿದ್ದರು. ನಾಲ್ಕು ಮೂಟೆ ಮರಳು ಹಾಕಿ, ಲೈಫ್ ಜಾಕೆಟ್ ತೊಟ್ಟು, ದಡ ಬಿಡದೆ ಒಂದು ಗಂಟೆ ಓಡಾಡಿದೆವು. ನಾನು ಹಿಂದೆ ಕೂತು ಮೂಲೆಗಳಿಗೆ ಬೆರಳಿಟ್ಟುಕೊಂಡೇ ಇದ್ದೆ. ಮೋಟಾರು ಜೋರು ಮಾಡಿದಾಗಲೂ ಮೂಲೆ ಅಲುಗಲಿಲ್ಲ. ಮಾವ ಮೋಟಾರು ನಿಲ್ಲಿಸಿ, ಟವೆಲ್ ತೆಗೆದು ದೋಣಿಯ ತಳಕ್ಕೆ ಒತ್ತಿ, ಎತ್ತಿ ಕೆನ್ನೆಗೆ ಹಿಡಿದು ನೋಡಿದರು. ಹರಿಗೋಲಿನಲ್ಲಿ ಸೋರಿಕೆ ಹುಡುಕುವಾಗ ಮಾಡುವ ಹಾಗೆ.

"ಒಣಗೇತಿ" ಅಂದರು. ಆಮೇಲೆ ಮೊದಲ ಸಲ ಕಾಲು ಚಾಚಿ ಕೂತರು.